ಗೃಹಸ್ಥನ ಒಡವೆ ವಸ್ತುಗಳೂ ವಿಮೆಯೂ



ಇಂದು ನಾವು ಮಾತನಾಡಲು ಆರಿಸಿಕೊಂಡಿರುವ ವಿಷಯವು ಅಷ್ಟೇನೂ ರಸವತ್ತಾದುದಲ್ಲ. ಕಾವ್ಯ, ಸಂಗೀತ, ಶಿಲ್ಪ ಇವುಗಳ ವಿಚಾರವನ್ನು ಕೇಳಬೇಕೆಂದು ಕುಳಿತವರಿಗೆ ವಿಮೆಯ ಹೆಸರು ಕಿವಿಗೆ ಬಿದ್ದ ಕೂಡಲೆ ಬೇಸರವಾದರೂ ಆಗಬಹುದು. ಆದರೆ ಈ ವಿಷಯವು ನಮ್ಮ ಮನಸ್ಸನ್ನು ಹೊಕ್ಕುದು ಶಿಲ್ಪದ ಮುಂದೆ ನಿಂತಿದ್ದ ಒಂದು ದಿನದಲ್ಲಿಯೇ. ಆದಕಾರಣ ಅಲ್ಲಿಂದಲೇ ಮೊದಲುಮಾಡುತ್ತೇವೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೋಡಿದವರು ಬಹಳ ಮಂದಿ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿರುವ ಬಸ್ತಿಹಳ್ಳಿಗೆ ಹೋಗಿ ಬಂದವರು ಅಷ್ಟಿಲ್ಲ. ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂವರು ತೀರ್ಥಂಕರರ ಬಸದಿಗಳು ಒಂದೇ ಆವರಣದಲ್ಲಿವೆ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ೧೧೩೩ರಲ್ಲಿ ಬೊಪ್ಪದೇವನು ತನ್ನ ತಂದೆ, ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ಪ್ರತಿಷ್ಠೆಯ ಶೇಷಾಕ್ಷತೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಕೊಂಡೊಯ್ದಾಗ ಆತನು ಯುದ್ಧದಲ್ಲಿ ಆಗತಾನೆ ಗೆದ್ದಿದ್ದನು, ಮಗನೂ ಹುಟ್ಟಿದ್ದನು. ಆ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನೆಂದು ಶಾಸನವು ಹೇಳುತ್ತದೆ. ಬಸದಿಯ ನವರಂಗದ ಕರಿಯ ಕಲ್ಲಿನ ಕಂಬಗಳನ್ನು ಕಡೆದು ಎಷ್ಟು ನುಣುಪಾಗಿಸಿದ್ದಾರೆಂದರೆ, ಎದುರಿಗೆ ನಿಂತವರ ನೆರಳು ಕನ್ನಡಿಯಲ್ಲಿ ಕಂಡಂತೆ ಅವುಗಳಲ್ಲಿ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ನಾವೂ ನಮ್ಮ ಮನೆಯವರೂ ಬೆಂಗಳೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಸಾಯಂಕಾಲದ ಹೊತ್ತಿಗೆ ಆ ಕಂಬಗಳ ನಡುವೆ ನಿಂತಿದ್ದೆವು. ಅಂಗಳದಲ್ಲಿ ಕುಳಿತಿದ್ದ ಊರಿನ ಮುದುಕರೊಬ್ಬರೊಡನೆ ಮಾತಿಗೆ ತೊಡಗಿದೆವು. ದೋರಸಮುದ್ರದಂಥ ರಾಜಧಾನಿಯಲ್ಲಿ ಇಷ್ಟಾದರೂ ಉಳಿಯಿತಲ್ಲ ಎಂದು ನಾವು ಸಮಾಧಾನ ಸೂಚಿಸಲು, ಅವರು ನಕ್ಕು, “ಹೊತ್ಕೊಂಡು ಹೋಗೋಕೆ ಆಗಿದ್ದೆಲ್ಲ ಹೋಯ್ತು ಸ್ವಾಮಿ, ಆಗದೆ ಇದ್ದದ್ದು ಉಳ್ಕೊಂಡ್ತು” ಎಂದರು. ೧೩೧೧ರಲ್ಲಿ ಮಲಿಕ್ ಕಾಫರನ ದಂಡು ಈ ಪಟ್ಟಣದ ಮೇಲೆ ಬಿದ್ದಾಗ ಮೂರನೆಯ ಬಲ್ಲಾಳನು ತನ್ನ ಭಂಡಾರವನ್ನೇ ಒಪ್ಪಿಸಬೇಕಾಯಿತು. ಹೊನ್ನು, ಆನೆ, ಕುದುರೆ ಎಲ್ಲವೂ ಉತ್ತರಕ್ಕೆ ನಡೆದುವು. ಕಲ್ಲು ನಿಂತಿತು. ಮುದುಕರ ಮಾತಿನಲ್ಲಿ ಒಂದು ರಾಜ್ಯದ ಚರಿತ್ರೆಯೇ ಅಡಗಿತ್ತು.

ಆ ಮಾತು ನಮ್ಮ ಮನೆಯ ಚರಿತ್ರೆಯೂ ಆಗಲಿದೆಯೆಂಬುದು ಆಗ ನಮಗೆ ತಿಳಿಯದು. ಮೂರನೆಯ ದಿನ ಊರಿಗೆ ಹಿಂದಿರುಗಿದಾಗ ಹಿತ್ತಿಲ ಬಾಗಿಲಿನ ಚಿಲಕ ಮುರಿದಿತ್ತು. ಬೀರು ತೆರೆದಿತ್ತು. ನಮ್ಮ ಅತ್ತೆಯವರು ತಮ್ಮ ಮಗಳಿಗೆ ಕೊಟ್ಟಿದ್ದ ಕಾಸಿನ ಸರ, ನಾಲ್ಕು ಬಳೆ, ಪೂಜೆಯ ಬೆಳ್ಳಿಯ ಪಾತ್ರೆಗಳು, ಮದುವೆಯ ಎರಡು ಸೀರೆ, ಒಂದು ಗಡಿಯಾರ ಹೋಗಿದ್ದುವು. ಹೊತ್ತುಕೊಂಡು ಹೋಗಲು ಆಗದ ಮಂಚ, ಮೇಜು, ಬೀಸುವ ಕಲ್ಲು ಇದ್ದಲ್ಲಿಯೇ ಇದ್ದುವು.

ನಮಗೆ ಒಂದು ಧೈರ್ಯವಿತ್ತು. ಮನೆಗೂ ಒಳಗಿನ ಸಾಮಾನಿಗೂ ಕಳವಿನ ರಕ್ಷಣೆಯೂ ಸೇರಿದಂತೆ ವಿಮೆ ಇಳಿಸಿದ್ದೆವು. ವರ್ಷವರ್ಷವೂ ತಪ್ಪದೆ ಹಣ ಕಟ್ಟಿದ್ದೆವು. ಆದರೆ ಪತ್ರವನ್ನು ಒಮ್ಮೆಯೂ ಓದಿರಲಿಲ್ಲ. ಆ ರಾತ್ರಿ ಓದಿದೆವು. ಒಡವೆ, ಬೆಳ್ಳಿ ಮೊದಲಾದ ಬೆಲೆಬಾಳುವ ಪದಾರ್ಥಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಿ ಬೆಲೆ ತೋರಿಸಿದ್ದ ಹೊರತು ಅವು ವಿಮೆಗೆ ಒಳಪಡುವುದಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಪಟ್ಟಿಗೆಂದು ಬಿಟ್ಟಿದ್ದ ಪುಟ ಖಾಲಿಯಾಗಿತ್ತು. ಕಂಪೆನಿಯವರು ಸೀರೆಗಳಿಗೂ ಗಡಿಯಾರಕ್ಕೂ ಮುರಿದ ಬಾಗಿಲಿಗೂ ಹಣ ಕೊಟ್ಟರು, ಉಳಿದುದನ್ನು ನಿರಾಕರಿಸಿದರು. ಅವರನ್ನು ದೂರುವುದಕ್ಕೆ ನಮಗೆ ಬಾಯಿರಲಿಲ್ಲ. ತಪ್ಪು ನಮ್ಮದು. ಅದನ್ನು ನಿಮ್ಮ ಮುಂದೆ ಒಪ್ಪಿಕೊಂಡರೆ ನಿಮ್ಮಲ್ಲಿ ನಾಲ್ವರಾದರೂ ಇಂದು ರಾತ್ರಿ ತಮ್ಮ ಪತ್ರವನ್ನು ತೆರೆದು ನೋಡಿಯಾರೆಂಬ ಆಸೆಯಿಂದಲೇ ಈ ಭಾಷಣಕ್ಕೆ ಒಪ್ಪಿದೆವು.

ವಿಮೆಯು ಪರದೇಶದಿಂದ ಬಂದ ವ್ಯಾಪಾರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವ್ಯಾಪಾರವು ಹೊರಗಿನದಾದರೂ ಅದರ ಹಿಂದಿನ ಆಲೋಚನೆ ನಮ್ಮವರಿಗೆ ಹೊಸದಾಗಿರಲಿಲ್ಲ. ಗಂಗರಾಜನ ಕಾಲದಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ಪ್ರಕಾರ ಕಳ್ಳರು ಕದ್ದ ದ್ರವ್ಯವನ್ನು ರಾಜನು ಪ್ರಜೆಗೆ ಒಪ್ಪಿಸಬೇಕು. ಕಳ್ಳನ ಹೆಜ್ಜೆ ಊರಿನಿಂದ ಹೊರಗೆ ಹೋದ ಗುರುತು ಇಲ್ಲದಿದ್ದರೆ ಅದರ ಹೊಣೆ ಆ ಊರಿನ ಅಧಿಪತಿಯದು. ಪ್ರಜೆಗಳಿಂದ ತೆರಿಗೆಯನ್ನು ತೆಗೆದುಕೊಂಡವನು ಅವರ ಸೊತ್ತಿಗೆ ಹೊಣೆಯಾಗಬೇಕೆಂಬುದು ಇದರ ನ್ಯಾಯ. ಒಬ್ಬನ ನಷ್ಟವನ್ನು ಎಲ್ಲರ ಹಣದಿಂದ ತುಂಬಿಕೊಡುವ ಆಲೋಚನೆ ಇಲ್ಲಿಯೇ ಇದೆ. ಅದೇ ಸ್ಮೃತಿಯಲ್ಲಿ ಇನ್ನೊಂದು ಮಾತುಂಟು. ಕಾಡುದಾರಿಯಲ್ಲಿ ಹೋಗುವ ವರ್ತಕನು ಸಾಲಕ್ಕೆ ನೂರಕ್ಕೆ ಹತ್ತರಂತೆಯೂ, ಸಮುದ್ರದ ಮೇಲೆ ಹೋಗುವವನು ನೂರಕ್ಕೆ ಇಪ್ಪತ್ತರಂತೆಯೂ ಬಡ್ಡಿ ತೆರಬೇಕು. ಅಪಾಯವು ಹೆಚ್ಚಿದಂತೆ ಅದಕ್ಕೆ ತೆರುವ ಬೆಲೆಯೂ ಹೆಚ್ಚಬೇಕೆಂಬುದಲ್ಲವೆ ಇದು? ಇಂದಿನ ವಿಮಾ ಕಂಪೆನಿಯು ಪ್ರೀಮಿಯಮನ್ನು ಲೆಕ್ಕ ಹಾಕುವುದೂ ಇದೇ ತತ್ತ್ವದಿಂದ.

ಇಲ್ಲಿ ಒಂದು ಸೋಜಿಗವನ್ನು ಹೇಳದಿರಲಾರೆವು. ೧೧೧೮ರ ಶಾಸನದಲ್ಲಿ ವರ್ಣಿಸಿರುವಂತೆ, ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಇದೇ ವಿಕ್ರಮಾದಿತ್ಯನ ಸೈನ್ಯದ ಮೇಲೆ ಗಂಗರಾಜನು ಇರುಳಿನಲ್ಲಿ ಬಿದ್ದು, ಅವರ ವಸ್ತುವಾಹನಗಳನ್ನೆಲ್ಲ ತಂದು ತನ್ನ ದೊರೆಗೆ ಒಪ್ಪಿಸಿದನು. ದೊರೆ ಮೆಚ್ಚಿ ಏನು ಬೇಕೆನ್ನಲು, ಒಂದು ಗ್ರಾಮವನ್ನು ಬೇಡಿ ಪಡೆದು ಬಸದಿಗಳಿಗೆ ದತ್ತಿ ಬಿಟ್ಟನು. ಕಳ್ಳನು ಒಯ್ದುದನ್ನು ರಾಜನು ತುಂಬಿಕೊಡಬೇಕೆಂದು ಕಲ್ಯಾಣದ ಶಾಸ್ತ್ರವು ಹೇಳಿತು. ಯುದ್ಧದಲ್ಲಿ ಹೋದುದನ್ನು ಯಾರು ತುಂಬಿಕೊಡಬೇಕು? ಇಂದಿನ ವಿಮಾಪತ್ರಗಳೂ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಯುದ್ಧದಿಂದಾಗುವ ನಷ್ಟವನ್ನು ಹೊರತುಪಡಿಸುವ ಒಂದು ಮಾತು ಮನೆಯ ವಿಮಾಪತ್ರಗಳಲ್ಲಿ ಇದ್ದೇ ಇರುತ್ತದೆ. ಏಕೆಂದರೆ ವಿಮೆಯೆಂಬುದು ಹಲವರ ಕೈಯಿಂದ ಸ್ವಲ್ಪ ಸ್ವಲ್ಪ ಕೂಡಿಸಿ ಕೆಲವರ ನಷ್ಟವನ್ನು ತುಂಬುವ ಏರ್ಪಾಡು. ಎಲ್ಲರೂ ಒಮ್ಮೆಗೇ ಕಳೆದುಕೊಂಡಾಗ ಕೊಡುವವರು ಯಾರೂ ಉಳಿಯರು.

ಮನೆಮಠಗಳ ವಿಮೆ ಒಂದು ಉದ್ಯಮವಾಗಿ ಬೆಳೆದುದು ಲಂಡನ್ನಿನಲ್ಲಿ. ೧೬೬೬ರ ಸೆಪ್ಟೆಂಬರಿನಲ್ಲಿ ಆ ನಗರಕ್ಕೆ ಬೆಂಕಿ ಬಿದ್ದು ಹದಿಮೂರು ಸಾವಿರಕ್ಕೂ ಮಿಕ್ಕಿ ಮನೆಗಳು ಸುಟ್ಟುಹೋದುವು. ಅದಾದ ಸುಮಾರು ಹದಿನೈದು ವರ್ಷಗಳಲ್ಲಿ ನಿಕೋಲಸ್ ಬಾರ್ಬನ್ ಎಂಬಾತನು ಬೆಂಕಿಯ ವಿಮೆಯ ಕಚೇರಿಯನ್ನು ತೆರೆದನು. ಆ ಬಳಿಕ ಬಂದ ಕಂಪೆನಿಗಳು ವಿಮೆ ಇಳಿಸಿದ ಮನೆಯ ಗೋಡೆಗೆ ತಮ್ಮ ಲೋಹದ ಬಿಲ್ಲೆಯನ್ನು ಹೊಡೆಯುತ್ತಿದ್ದುವು. ನಮ್ಮ ದೇಶದಲ್ಲಿ ೧೮೫೦ರಲ್ಲಿ ಕಲ್ಕತ್ತೆಯಲ್ಲಿ ಟ್ರೈಟನ್ ಕಂಪೆನಿಯೂ, ೧೯೧೯ರಲ್ಲಿ ಮುಂಬಯಿಯಲ್ಲಿ ನ್ಯೂ ಇಂಡಿಯಾ ಕಂಪೆನಿಯೂ ಹುಟ್ಟಿದುವು. ನಮ್ಮ ಮೈಸೂರು ಸಂಸ್ಥಾನದ ಸರ್ಕಾರವು ೧೮೯೧ರಲ್ಲಿಯೇ ತನ್ನ ನೌಕರರಿಗಾಗಿ ವಿಮಾ ಇಲಾಖೆಯನ್ನು ಸ್ಥಾಪಿಸಿತು. ಆದರೆ ಅದು ಜೀವವಿಮೆ. ಪ್ರಾಣಕ್ಕೆ ವಿಮೆ ಇಳಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದಷ್ಟು ಪದಾರ್ಥಕ್ಕೆ ಇಳಿಸುವ ಅಭ್ಯಾಸ ಬೇರೂರಲಿಲ್ಲ. ಸಾಮಾನ್ಯ ವಿಮೆಯ ವ್ಯಾಪಾರವು ೧೯೭೩ರಲ್ಲಿ ರಾಷ್ಟ್ರದ ವಶವಾಯಿತು. ೨೦೦೦ದಿಂದೀಚೆಗೆ ಖಾಸಗಿಯವರಿಗೂ ಅವಕಾಶವಾಯಿತು.

ಇನ್ನು ವ್ಯವಹಾರದ ಮಾತಿಗೆ ಬರೋಣ. ವಿಮೆಗೆ ಒಪ್ಪಿಕೊಂಡ ಗೃಹಸ್ಥನು ನಾಲ್ಕು ಸಂಗತಿಗಳನ್ನು ತಿಳಿದಿರಬೇಕು.

ಮೊದಲನೆಯದು, ವಿಮೆಯು ನಷ್ಟವನ್ನು ತುಂಬುತ್ತದೆ, ಲಾಭವನ್ನು ಕೊಡುವುದಿಲ್ಲ. ಒಂದು ಪದಾರ್ಥಕ್ಕೆ ಎರಡು ಕಂಪೆನಿಗಳಲ್ಲಿ ವಿಮೆ ಇಳಿಸಿದ್ದರೂ ಎರಡರಷ್ಟು ಹಣ ಬರದು. ಹಾಗೆಯೇ, ತನಗೆ ಯಾವ ಸಂಬಂಧವೂ ಇಲ್ಲದ ವಸ್ತುವಿಗೆ ಯಾರೂ ವಿಮೆ ಇಳಿಸುವಂತಿಲ್ಲ. ಇಳಿಸಿದರೆ ಅದು ಜೂಜಾಗುತ್ತದೆ.

ಎರಡನೆಯದು, ಮುಚ್ಚುಮರೆಯಿಲ್ಲದ ಸತ್ಯ. ಮನೆಯಲ್ಲಿ ವ್ಯಾಪಾರ ನಡೆಯುತ್ತಿದ್ದರೆ, ಪತ್ರದಲ್ಲಿ ಗೊತ್ತುಮಾಡಿದ ದಿನಗಳಿಗಿಂತ ಹೆಚ್ಚು ಕಾಲ ಮನೆಗೆ ಬೀಗ ಹಾಕಿ ಹೋಗುವುದಿದ್ದರೆ, ಅದನ್ನು ಮುಂದಾಗಿಯೇ ತಿಳಿಸಬೇಕು. ಕಂಪೆನಿಯು ನಮ್ಮ ಮನೆಯನ್ನು ಕಂಡಿಲ್ಲ. ನಮ್ಮ ಮಾತನ್ನು ನಂಬಿ ಹೊಣೆ ಹೊತ್ತಿದೆ. ಆ ಮಾತು ಸುಳ್ಳಾದರೆ ಹೊಣೆಯೂ ಬಿದ್ದುಹೋಗುತ್ತದೆ.

ಮೂರನೆಯದು, ಬೆಲೆಯನ್ನು ಕಡಮೆ ತೋರಿಸುವುದರ ಅಪಾಯ. ಹತ್ತು ಲಕ್ಷ ರೂಪಾಯಿ ಬಾಳುವ ಸಾಮಾನಿಗೆ, ಪ್ರೀಮಿಯಂ ಉಳಿಯಲೆಂದು ಐದು ಲಕ್ಷಕ್ಕೆ ವಿಮೆ ಇಳಿಸಿದೆವೆನ್ನಿ. ಎರಡು ಲಕ್ಷದ ಸಾಮಾನು ಹೋದರೆ ಪೂರ್ತಿ ಎರಡು ಲಕ್ಷ ಸಿಕ್ಕೀತೆಂದು ನಾವು ನಂಬುತ್ತೇವೆ. ಆದರೆ ಹಳೆಯ ನಿಯಮದಂತೆ ಸಿಕ್ಕುವುದು ಒಂದೇ ಲಕ್ಷ. ಅರ್ಧಕ್ಕೆ ವಿಮೆ ಇಳಿಸಿದವನು ಉಳಿದರ್ಧಕ್ಕೆ ತಾನೇ ವಿಮೆದಾರನಾದಂತೆ ಎಂಬುದು ಅವರ ತರ್ಕ. ಮುಂದೆ ಹೇಳಲಿರುವ ಮನೆಯ ವಿಮೆಯಲ್ಲಿ ಈ ನಿಯಮವನ್ನು ಕೈಬಿಟ್ಟಿದ್ದಾರೆ. ಕಳವಿನ ಪತ್ರಗಳಲ್ಲಿ ಮಾತ್ರ ಇದೆಯೇ ಇಲ್ಲವೇ ಎಂದು ನೋಡಿಕೊಳ್ಳಬೇಕು.

ನಾಲ್ಕನೆಯದು, ಕಳವೆಂಬ ಮಾತಿನ ಅರ್ಥ. ಮನೆಯಿಂದ ಪದಾರ್ಥವು ಮಾಯವಾದರೆ ಅದು ನಮಗೆಲ್ಲ ಕಳವೇ. ಕನ್ನಗಳವಿನ ವಿಮಾಪತ್ರಕ್ಕೆ ಅಷ್ಟು ಸಾಲದು; ಬಲಾತ್ಕಾರವಾಗಿ ಒಳಹೊಕ್ಕ, ಇಲ್ಲವೆ ಹೊರಬಿದ್ದ ಗುರುತು ಬೇಕು. ಪತ್ರದಲ್ಲಿ ಬರೆದಿರುವ ಅರ್ಥವೇ ಪ್ರಮಾಣವೆಂದೂ, ಬಲಪ್ರಯೋಗವಿಲ್ಲದ ಕಳವು ಅಂಥ ಪತ್ರಕ್ಕೆ ಒಳಪಡುವುದಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು ೨೦೦೪ರಲ್ಲಿ ತೀರ್ಮಾನಿಸಿತು. ತೆರೆದ ಬಾಗಿಲಿನಿಂದ ಹೋದ ಒಡವೆಗೂ ಮುರಿದ ಬಾಗಿಲಿನಿಂದ ಹೋದ ಒಡವೆಗೂ ಹೀಗೆ ಭೇದವುಂಟು.

ಈಗ ದೇಶದಲ್ಲಿ ಮನೆಗಳಿಗಾಗಿ ಒಂದು ಸಮಾನವಾದ ವಿಮಾಪತ್ರವಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು ಗೊತ್ತುಮಾಡಿದ ‘ಭಾರತ್ ಗೃಹ ರಕ್ಷಾ’ ಎಂಬ ಈ ಪತ್ರವು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಮೊದಲಾದವುಗಳಿಂದ ಕಟ್ಟಡಕ್ಕೂ ಸಾಮಾನಿಗೂ ಆಗುವ ನಷ್ಟ ಇದರಲ್ಲಿ ಸೇರಿದೆ. ಕಟ್ಟಡಕ್ಕೆ ವಿಮೆ ಇಳಿಸಿದರೆ ಅದರ ಮೊತ್ತದ ನೂರಕ್ಕೆ ೨೦ರಷ್ಟು, ಹೆಚ್ಚೆಂದರೆ ೧೦ ಲಕ್ಷ ರೂಪಾಯಿ, ಒಳಗಿನ ಸಾಮಾನಿಗೆ ತಾನಾಗಿಯೇ ಸಲ್ಲುತ್ತದೆ. ಅದಕ್ಕಿಂತ ಹೆಚ್ಚು ಬೇಕಾದವರು ವಿವರ ಕೊಟ್ಟು ಪಡೆಯಬಹುದು. ಬಾಡಿಗೆ ಮನೆಯಲ್ಲಿರುವವರು ಸಾಮಾನಿಗೆ ಮಾತ್ರ ವಿಮೆ ಇಳಿಸಬಹುದು. ಇದನ್ನು ನಗರವಾಸಿಗಳಲ್ಲಿ ಅನೇಕರು ಅರಿಯರು. ಸ್ವಂತ ಮನೆಯಿಲ್ಲದವನಿಗೆ ವಿಮೆಯೇಕೆಂದು ಸುಮ್ಮನಿರುತ್ತಾರೆ.

ಆದರೆ ಎರಡು ಎಚ್ಚರಿಕೆಗಳು. ಈ ಪತ್ರದ ಮೂಲರೂಪದಲ್ಲಿ ಕಳವಿಗೆ ರಕ್ಷಣೆ ದೊರೆಯುವುದು ಮೇಲೆ ಹೇಳಿದ ವಿಪತ್ತು ಸಂಭವಿಸಿ, ಅದರ ಕಾರಣದಿಂದ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಸಾಮಾನ್ಯ ದಿನದ ಕನ್ನಗಳವಿಗೆ ಬೇರೆಯಾಗಿ ವಿಮೆ ಮಾಡಿಸಬೇಕು. ಎರಡನೆಯದಾಗಿ, ಒಡವೆ, ಬೆಳ್ಳಿ ಸಾಮಾನು, ಚಿತ್ರಪಟ, ಪುರಾತನ ವಸ್ತು ಇವು ಸಾಮಾನಿನ ಲೆಕ್ಕದಲ್ಲಿ ಸೇರುವುದಿಲ್ಲ. ಇವುಗಳಿಗೆ ಬೆಲೆಯನ್ನು ಮೊದಲೇ ಒಪ್ಪಿಕೊಂಡು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಒಟ್ಟು ಬೆಲೆ ೫ ಲಕ್ಷವನ್ನೂ ಒಂದೊಂದರ ಬೆಲೆ ೧ ಲಕ್ಷವನ್ನೂ ಮೀರದಿದ್ದರೆ ಬೆಲೆಗಾರರ ಪ್ರಮಾಣಪತ್ರವೂ ಬೇಕಾಗಿಲ್ಲ. ಆ ಒಂದು ಪುಟವನ್ನು ತುಂಬದೆ ಬಿಟ್ಟುದರಿಂದ ನಾವು ಕಾಸಿನ ಸರದ ಬೆಲೆಯನ್ನು ತೆತ್ತೆವು.

ಒಡವೆಯನ್ನು ಬ್ಯಾಂಕಿನ ಲಾಕರಿನಲ್ಲಿಟ್ಟರೆ ಚಿಂತೆಯಿಲ್ಲವೆಂದು ಹೇಳುವವರುಂಟು. ಲಾಕರಿನೊಳಗೆ ಏನಿದೆಯೆಂಬುದು ಬ್ಯಾಂಕಿಗೆ ತಿಳಿಯದು. ಅದಕ್ಕೆ ಅವರು ವಿಮೆಯನ್ನೂ ಇಳಿಸಿರುವುದಿಲ್ಲ. ರಿಜರ್ವ್ ಬ್ಯಾಂಕಿನ ನಿಯಮದಂತೆ, ೨೦೨೨ರ ಜನವರಿ ೧ರಿಂದ, ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ, ನೌಕರರ ವಂಚನೆ ಇವುಗಳಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರರಷ್ಟು. ಬಾಡಿಗೆ ಮೂರು ಸಾವಿರವಾದರೆ ಹೊಣೆ ಮೂರು ಲಕ್ಷ. ಒಳಗಿರುವುದು ಮೂವತ್ತು ಲಕ್ಷದ ಚಿನ್ನವಾದರೂ ಅಷ್ಟೆ. ಬ್ಯಾಂಕಿನ ಅಲಕ್ಷ್ಯವಿಲ್ಲದೆ ಭೂಕಂಪ, ಪ್ರವಾಹಗಳಿಂದಾದ ನಷ್ಟಕ್ಕೆ ಅಷ್ಟೂ ಇಲ್ಲ.

ಪ್ರಯಾಣದ ಮಾತೂ ಹೀಗೆಯೇ. ಅರಸೀಕೆರೆಯ ರೈಲಿನಲ್ಲಿ ಪೆಟ್ಟಿಗೆಯನ್ನು ಸೀಟಿನ ಕೆಳಗಿಟ್ಟು ನಿದ್ದೆಹೋದವನ ಪೆಟ್ಟಿಗೆ ಹೋದರೆ, ೧೯೮೯ರ ರೈಲ್ವೆ ಶಾಸನದ ಪ್ರಕಾರ, ಅವನು ಅದನ್ನು ಬುಕ್ ಮಾಡಿಸಿ ರಸೀದಿ ಪಡೆದಿರದಿದ್ದರೆ ರೈಲ್ವೆಯವರ ಅಲಕ್ಷ್ಯವನ್ನೋ ದುರ್ನಡತೆಯನ್ನೋ ರುಜುವಾತುಪಡಿಸಬೇಕು. ಪ್ರಯಾಣಿಕನು ತನ್ನ ಸೊತ್ತನ್ನು ತಾನು ಕಾಪಾಡಿಕೊಳ್ಳಲಾರದೆ ಹೋದರೆ ಅದು ರೈಲ್ವೆಯ ಸೇವೆಯ ಲೋಪವಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ಹೇಳಿದೆ. ತಮ್ಮ ಜತೆಯಲ್ಲಿ ಬೆಲೆಬಾಳುವ ಪದಾರ್ಥ ಒಯ್ಯುವವರು ಪ್ರಯಾಣದ ವಿಮೆಯನ್ನು ವಿಚಾರಿಸುವುದು ಒಳ್ಳೆಯದು.

ನಷ್ಟವಾದಾಗ ಮಾಡಬೇಕಾದುದೇನು? ತಡಮಾಡದೆ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯಬೇಕು. ಅಂದೇ ಕಂಪೆನಿಗೆ ತಿಳಿಸಬೇಕು. ಸಮೀಕ್ಷಕರು ಬಂದು ನೋಡುವ ತನಕ ಮುರಿದುದನ್ನು ಸರಿಪಡಿಸುವ ಅವಸರ ಬೇಡ. ಮಾಡಲೇಬೇಕಾದರೆ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಕಂಪೆನಿಯ ತೀರ್ಮಾನ ಅನ್ಯಾಯವೆಂದು ತೋರಿದರೆ ಮೊದಲು ಅವರಿಗೇ ಬರೆಯಬೇಕು. ಒಂದು ತಿಂಗಳಲ್ಲಿ ಸಮಾಧಾನ ದೊರೆಯದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ, ಅದಕ್ಕೆ ಶುಲ್ಕವಿಲ್ಲ. ಆದರೆ ಇವೆಲ್ಲಕ್ಕೂ ಮೂಲವಾದುದು ಒಂದೇ: ಮನೆಯಲ್ಲಿ ಏನಿತ್ತೆಂಬುದರ ಪಟ್ಟಿ. ಒಡವೆಯ ತೂಕ, ಕೊಂಡ ರಸೀದಿ, ಒಂದು ಚಿತ್ರ. ಇವನ್ನು ಮನೆಯ ಹೊರಗೆ, ನಂಬಿಕಸ್ಥರಲ್ಲಿಯೋ ಬೇರೆ ಸ್ಥಳದಲ್ಲಿಯೋ ಒಂದು ಪ್ರತಿ ಇಟ್ಟಿರಬೇಕು. ಪಟ್ಟಿಯೂ ಒಡವೆಯೂ ಒಂದೇ ಬೀರುವಿನಲ್ಲಿದ್ದರೆ ಬೆಂಕಿಯು ಎರಡನ್ನೂ ಬಿಡದು.

ನಾವು ಆ ರಾತ್ರಿ ದೂರು ಬರೆಯಲು ಕುಳಿತಾಗ ಕಾಸಿನ ಸರದಲ್ಲಿ ಎಷ್ಟು ಕಾಸುಗಳಿದ್ದುವೆಂದು ಪೊಲೀಸಿನವರು ಕೇಳಿದರು. ನಮಗೆ ತಿಳಿದಿರಲಿಲ್ಲ. ನಮ್ಮ ಮನೆಯವರೂ ಸ್ವಲ್ಪ ಹೊತ್ತು ಯೋಚಿಸಿ, “ಅಮ್ಮನಿಗೆ ಗೊತ್ತಿತ್ತು” ಎಂದರು. ಅವರ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಸರವು ಹೋದುದಕ್ಕಿಂತ ಆ ಮಾತು ನಮ್ಮನ್ನು ಹೆಚ್ಚು ಕಲಕಿತು. ಪಟ್ಟಿಯಿದ್ದಿದ್ದರೆ ಬೆಲೆ ಬರುತ್ತಿತ್ತು, ಸರ ಬರುತ್ತಿರಲಿಲ್ಲ. ಇದನ್ನು ಮರೆತು ವಿಮೆಯನ್ನು ಹೊಗಳುವುದು ನ್ಯಾಯವಲ್ಲ. ಚಿನ್ನಕ್ಕೆ ಬೆಲೆಯುಂಟು, ಕೊಟ್ಟ ಕೈಗೆ ಬೆಲೆಯಿಲ್ಲ. ಆದರೂ ಬೆಲೆ ಬಂದಿದ್ದರೆ ನಮ್ಮ ಮಗಳ ಮದುವೆಗೆ ನಾವು ಸಾಲ ಮಾಡಬೇಕಾಗುತ್ತಿರಲಿಲ್ಲ. ದುಃಖವನ್ನು ವಿಮೆ ತುಂಬಲಾರದು. ದುಃಖದ ಮೇಲೆ ಸಾಲವೂ ಬೀಳದಂತೆ ಅದು ತಡೆಯಬಲ್ಲುದು.

ಬಸ್ತಿಹಳ್ಳಿಗೆ ನಾವು ಮತ್ತೊಮ್ಮೆ ಹೋದೆವು. ಉಡಲು ಬಟ್ಟೆಯೂ ಇಲ್ಲದೆ ನಿಂತಿರುವ ಆ ಜಿನಮೂರ್ತಿಯ ಮುಂದೆ ವಿಮೆಯ ಯೋಚನೆ ಬಂದುದಕ್ಕೆ ನಾಚಿಕೆಯಾಯಿತು. ಏನೂ ಇಲ್ಲದವನಿಂದ ಯಾರು ಏನನ್ನು ಕದ್ದಾರು? ಆದರೆ ಜೈನಶಾಸ್ತ್ರವು ಈ ವ್ರತವನ್ನು ಗೃಹಸ್ಥನಿಗೆ ಹಾಗೆಯೇ ವಿಧಿಸಿಲ್ಲ. ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ, ಬಟ್ಟೆಬರೆ ಇಷ್ಟೇ ಇರಲೆಂದು ತಾನೇ ಒಂದು ಮಿತಿಯನ್ನು ಹಾಕಿಕೊಳ್ಳುವುದು ಅದು. ಮಿತಿಯನ್ನು ಹಾಕಬೇಕಾದರೆ ಮೊದಲು ಎಣಿಸಬೇಕು. ಇರುವುದೆಷ್ಟೆಂದು ತಿಳಿಯದವನು ತ್ಯಾಗಿಯೂ ಆಗಲಾರ, ರಕ್ಷಕನೂ ಆಗಲಾರ.

ಹಿಂದಿರುಗಿ ಬಂದು ನಾವಿಬ್ಬರೂ ಎರಡು ದಿನ ಕುಳಿತು ಮನೆಯ ಸಾಮಾನನ್ನೆಲ್ಲ ಬರೆದೆವು. ಪಟ್ಟಿ ಏಳು ಪುಟವಾಯಿತು. ಅದರಲ್ಲಿ ಎರಡು ಪುಟದಷ್ಟು ಸಾಮಾನು ನಮಗೆ ಬೇಕೇ ಇರಲಿಲ್ಲ, ಬೇಕಾದವರಿಗೆ ಕೊಟ್ಟೆವು. ಉಳಿದ ಐದು ಪುಟಕ್ಕೆ ವಿಮೆ ಇಳಿಸಿದೆವು. ಈ ಸಲ ಪತ್ರದ ಯಾವ ಪುಟವೂ ಖಾಲಿಯಿಲ್ಲ.